ಲ್ಯಾಪ್‌ಟಾಪ್ ಕೆಟ್ಟರೆ ಫೈಲು ಹೋದಂತಲ್ಲ: ಹಾರ್ಡ್ ಡಿಸ್ಕ್‌ನಿಂದ ಲೆಕ್ಕ, ಫೋಟೋ ವಾಪಸ್ ಪಡೆಯೋದು ಹೇಗೆ?

ಕೊಪ್ಪ/ಶೃಂಗೇರಿ/ಎನ್.ಆರ್.ಪುರ: ಮಳೆಗಾಲ ಬಂತೆಂದರೆ ನಮ್ಮ ಮೂರೂ ತಾಲ್ಲೂಕಿನಲ್ಲಿ ಕರೆಂಟಿನ ಕಣ್ಣಾಮುಚ್ಚಾಲೆ ಶುರು. ಜೊತೆಗೆ ಗುಡುಗು, ಸಿಡಿಲು. ಇಂಥದ್ದೇ ಒಂದು ಬೆಳಿಗ್ಗೆ ಅಂಗಡಿ ಲ್ಯಾಪ್‌ಟಾಪ್ ಆನ್ ಆಗೋದೇ ಇಲ್ಲ. ಒಳಗೆ ಟ್ಯಾಲಿ ಲೆಕ್ಕ, ಅಡಿಕೆ ಖರೀದಿ ಬಿಲ್ಲು, ಉದ್ರಿ ಪಟ್ಟಿ, ಮನೆಯವರ ಮದುವೆ ಫೋಟೋ ಎಲ್ಲಾ ಇರುತ್ತೆ.

ತಲೆ ಮೇಲೆ ಕೈ ಹೊತ್ತು ಕೂರೋ ಮುಂಚೆ ಒಂದು ವಿಷಯ ತಿಳ್ಕೊಳ್ಳಿ. ಲ್ಯಾಪ್‌ಟಾಪ್ ಬೇರೆ, ಒಳಗಿರೋ ಹಾರ್ಡ್ ಡಿಸ್ಕ್ ಬೇರೆ. ಫೈಲುಗಳು ಇರೋದು ಡಿಸ್ಕಿನಲ್ಲಿ. ಲ್ಯಾಪ್‌ಟಾಪ್ ಸತ್ತರೂ ಎಷ್ಟೋ ಸಲ ಡಿಸ್ಕ್ ಜೀವಂತ ಇರುತ್ತೆ. ಅದನ್ನು ಕೊಲ್ಲೋದು ಆಮೇಲೆ ನಾವು ಮಾಡೋ ಗಡಿಬಿಡಿ.

ವ್ಯಾಪಾರಿಗಳಿಗಂತೂ ಇದು ಬರೀ ಬೇಜಾರಿನ ವಿಷಯ ಅಲ್ಲ. ಜಿಎಸ್‌ಟಿ ನೋಂದಣಿ ಇದ್ದವರು ಆಯಾ ವರ್ಷದ ವಾರ್ಷಿಕ ರಿಟರ್ನ್ ಸಲ್ಲಿಸೋ ಕಡೇ ದಿನದಿಂದ 72 ತಿಂಗಳು ಲೆಕ್ಕಪತ್ರ ಇಟ್ಟಿರಬೇಕು. ಕಂಪ್ಯೂಟರಿನಲ್ಲಿ ಲೆಕ್ಕ ಬರೆಯೋರು ಬ್ಯಾಕಪ್ ಇಡಲೇಬೇಕು ಅಂತ 2017ರ ಜಿಎಸ್‌ಟಿ ನಿಯಮದಲ್ಲೇ ಇದೆ.

ಮೊದಲು ಕೆಟ್ಟಿದ್ದು ಏನು ನೋಡಿ

* ಸ್ಕ್ರೀನ್ ಮಾತ್ರ ಹೋಗಿದೆ: ಎಚ್‌ಡಿಎಂಐ ಕೇಬಲ್ ಹಾಕಿ ಮನೆ ಟಿವಿಗೆ ಜೋಡಿಸಿ. ಟಿವಿಯಲ್ಲಿ ಕಂಡರೆ ಪೆನ್‌ಡ್ರೈವ್‌ಗೆ ಕಾಪಿ ಮಾಡ್ಕೊಳ್ಳಿ, ಕೆಲಸ ಮುಗೀತು.
* ಆನ್ ಆಗುತ್ತೆ, ವಿಂಡೋಸ್ ಬರಲ್ಲ: ಡಿಸ್ಕ್ ಚೆನ್ನಾಗಿರೋ ಸಾಧ್ಯತೆ ಇದೆ. ರಿಪೇರಿಯವರು "ಫಾರ್ಮ್ಯಾಟ್ ಮಾಡಿ ಹೊಸ ವಿಂಡೋಸ್ ಹಾಕ್ತೀನಿ" ಅಂದರೆ "ಮೊದಲು ಡೇಟಾ ತೆಗೀರಿ, ಆಮೇಲೆ ಫಾರ್ಮ್ಯಾಟ್" ಅನ್ನಿ.
* ಲೈಟೇ ಬರಲ್ಲ: ಚಾರ್ಜರ್ ಅಥವಾ ಮದರ್‌ಬೋರ್ಡ್ ಹೋಗಿರಬಹುದು. ಡಿಸ್ಕ್ ಹೊರಗೆ ತೆಗೆದು ನೋಡಬೇಕು.
* ಒಳಗಿಂದ ಟಕ್ ಟಕ್ ಸದ್ದು: ತಕ್ಷಣ ಆಫ್ ಮಾಡಿ. ಮತ್ತೆ ಆನ್ ಮಾಡೋಕೆ ಹೋಗಬೇಡಿ.

ಡಿಸ್ಕ್ ತೆಗೆದು ಬೇರೆ ಕಂಪ್ಯೂಟರಿಗೆ ಹಾಕೋದು

ಹಳೇ ಲ್ಯಾಪ್‌ಟಾಪ್‌ಗಳಲ್ಲಿ ಇರೋದು ಎರಡೂವರೆ ಇಂಚಿನ ಡಿಸ್ಕ್. ಇದಕ್ಕೆ 'ಸಾಟಾ ಟು ಯುಎಸ್‌ಬಿ' ಕೇಬಲ್ ಸಿಗುತ್ತೆ, ಬೆಲೆ ಕೆಲವು ನೂರು ರೂಪಾಯಿ. ಹೊಸದರಲ್ಲಿ ಚೂಯಿಂಗ್ ಗಮ್ ಪಟ್ಟಿಯಂಥ ಎಂ.2 ಎಸ್‌ಎಸ್‌ಡಿ ಇರುತ್ತೆ. ಅದರಲ್ಲಿ ಸಾಟಾ, ಎನ್‌ವಿಎಂಇ ಅಂತ ಎರಡು ಜಾತಿ, ಹಾಗಾಗಿ ಡಿಸ್ಕ್ ತೋರಿಸಿಯೇ ಅದಕ್ಕೆ ಹೊಂದೋ ಡಬ್ಬಿ ತಗೊಳ್ಳಿ. ಕೆಲವು ಕಡಿಮೆ ಬೆಲೆಯ ಲ್ಯಾಪ್‌ಟಾಪ್‌ಗಳಲ್ಲಿ ಮೆಮೊರಿಯನ್ನು ಬೋರ್ಡಿಗೇ ಬೆಸುಗೆ ಹಾಕಿರ್ತಾರೆ. ಅಂಥದ್ದನ್ನು ಬಿಚ್ಚಿ ತೆಗೆಯೋಕಾಗಲ್ಲ, ಬೋರ್ಡೇ ರಿಪೇರಿ ಆಗಬೇಕು.

ಬ್ಯಾಟರಿ ಬಿಚ್ಚಿ, ಸ್ಕ್ರೂ ತೆಗೆದು, ಡಿಸ್ಕನ್ನು ಕೇಬಲ್ ಮೂಲಕ ಬೇರೆ ಕಂಪ್ಯೂಟರಿಗೆ ಹಾಕಿ. "ಫಾರ್ಮ್ಯಾಟ್ ಮಾಡಬೇಕಾ?" ಅಂತ ಕೇಳಿದರೆ ಬೇಡ ಅಂತ ಒತ್ತಿ. ಅನುಮತಿ ಇಲ್ಲ ಅಂತ ತೋರಿಸಿದರೆ 'ಕಂಟಿನ್ಯೂ' ಕೊಡಿ. 'ಯೂಸರ್ಸ್' ಫೋಲ್ಡರ್ ಒಳಗೆ ನಿಮ್ಮ ಹೆಸರಿನಲ್ಲಿ ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಡೌನ್‌ಲೋಡ್ಸ್ ಸಿಗುತ್ತೆ.

ಟ್ಯಾಲಿ ಇರೋರು ಡೆಸ್ಕ್‌ಟಾಪ್ ಮೇಲಿನ ಐಕಾನ್ ಕಾಪಿ ಮಾಡಿದರೆ ಏನೂ ಬರಲ್ಲ, ಅದು ಬರೀ ದಾರಿ ತೋರಿಸೋ ಬೋರ್ಡು. ಟ್ಯಾಲಿಯ 'ಡೇಟಾ' ಫೋಲ್ಡರ್ ಹುಡುಕಿ. ಅದರೊಳಗೆ ಒಂದೊಂದು ಕಂಪನಿಗೆ ಬರೀ ಅಂಕಿ ಹೆಸರಿನ ಒಂದೊಂದು ಫೋಲ್ಡರ್ ಇರುತ್ತೆ. ಅದನ್ನು ಇಡಿಯಾಗಿ ಎತ್ಕೊಳ್ಳಿ.

ನುಡಿ, ಬರಹದಲ್ಲಿ ಟೈಪ್ ಮಾಡಿದ ಹಳೇ ಅರ್ಜಿ ತೆರೆದಾಗ ಇಂಗ್ಲಿಷ್ ಅಕ್ಷರ ಚೆಲ್ಲಾಪಿಲ್ಲಿಯಾಗಿ ಕಂಡರೆ ಗಾಬರಿ ಬೇಡ. ಫೈಲು ಹಾಳಾಗಿರಲ್ಲ, ಆ ಫಾಂಟ್ ಹಾಕಿದರೆ ಕನ್ನಡ ವಾಪಸ್ ಬರುತ್ತೆ.

48 ಅಂಕಿಯ ಬೀಗದ ಕೈ

ಹೊಸ ವಿಂಡೋಸ್ 11 ಲ್ಯಾಪ್‌ಟಾಪ್‌ಗಳಲ್ಲಿ ಮೈಕ್ರೋಸಾಫ್ಟ್ ಅಕೌಂಟ್ ಹಾಕಿ ಒಳಗೆ ಹೋದರೆ ಡಿಸ್ಕಿಗೆ ತಾನಾಗೇ ಬೀಗ ಬೀಳಬಹುದು. ಆಮೇಲೆ ಡಿಸ್ಕನ್ನು ಬೇರೆ ಕಂಪ್ಯೂಟರಿಗೆ ಹಾಕಿದಾಗ 48 ಅಂಕಿಯ 'ಬಿಟ್‌ಲಾಕರ್ ರಿಕವರಿ ಕೀ' ಕೇಳುತ್ತೆ. ಅದು ನಿಮ್ಮ ಮೈಕ್ರೋಸಾಫ್ಟ್ ಅಕೌಂಟಿನಲ್ಲಿ ಇರುತ್ತೆ. ಈಗ ಲ್ಯಾಪ್‌ಟಾಪ್ ಸರಿಯಿರೋವಾಗಲೇ ಅದನ್ನು ಕಾಗದದ ಮೇಲೆ ಬರೆದಿಡಿ. ಕೀ ಇಲ್ಲ ಅಂದರೆ ಯಾವ ಲ್ಯಾಬಿನವರೂ ಆ ಬೀಗ ತೆಗೆಯೋಕಾಗಲ್ಲ.

ಸದ್ದು, ನೀರು, ಸಿಡಿಲು

ಲ್ಯಾಪ್‌ಟಾಪ್ ಹಾರ್ಡ್ ಡಿಸ್ಕಿನ ತಟ್ಟೆ ಸಾಮಾನ್ಯವಾಗಿ ನಿಮಿಷಕ್ಕೆ 5400 ಸುತ್ತು ತಿರುಗುತ್ತೆ. ಅದನ್ನು ಓದೋ ಹೆಡ್ಡು ತಟ್ಟೆಯಿಂದ ಕೂದಲೆಳೆಗಿಂತ ಎಷ್ಟೋ ಪಾಲು ಕಡಿಮೆ ಅಂತರದಲ್ಲಿ ತೇಲ್ತಾ ಇರುತ್ತೆ. ಕೆಳಗೆ ಬಿದ್ದಾಗ ಹೆಡ್ಡು ಕೆಟ್ಟರೆ ಟಕ್ ಟಕ್ ಸದ್ದು ಬರುತ್ತೆ. ಅದೇ ಸ್ಥಿತಿಯಲ್ಲಿ ಮತ್ತೆ ಮತ್ತೆ ಆನ್ ಮಾಡಿದರೆ ತಟ್ಟೆ ಕೆರೆದು, ಉಳಿದಿದ್ದ ಫೈಲೂ ಹೋಗುತ್ತೆ. ಮುಚ್ಚಳ ಬಿಚ್ಚಬೇಡಿ, ಒಂದು ಧೂಳಿನ ಕಣ ಸಾಕು ಹಾಳಾಗೋಕೆ. ಫ್ರಿಡ್ಜಿನಲ್ಲಿ ಇಟ್ಟರೆ ಸರಿಯಾಗುತ್ತೆ ಅನ್ನೋ ಮಾತು ನಂಬಬೇಡಿ. ನಮ್ಮ ಕಡೆಯ ಥಂಡಿಯಲ್ಲಿ ಹೊರಗೆ ತೆಗೆದ ಕೂಡಲೇ ಒಳಗೆ ನೀರು ಹನಿಗಟ್ಟುತ್ತೆ.

ಮಳೆ ಜೋರಾದರೆ ಶೃಂಗೇರಿ ಗಾಂಧಿ ಮೈದಾನದ ತನಕ ತುಂಗೆ ಬರೋದು ಎಲ್ಲರಿಗೂ ಗೊತ್ತು. ನೀರು, ಕೆಸರು ಹೊಕ್ಕ ಡಿಸ್ಕಿಗೆ ಕರೆಂಟ್ ಕೊಡಬೇಡಿ. ಒಲೆ ಹತ್ತಿರ ಇಡೋದು, ಹೇರ್ ಡ್ರೈಯರ್ ಹಿಡಿಯೋದು, ಅಕ್ಕಿ ಡಬ್ಬಿಯಲ್ಲಿ ಹೂತಿಡೋದು ಯಾವುದೂ ಬೇಡ. ಹಾಗೇ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಡೇಟಾ ರಿಕವರಿ ಲ್ಯಾಬಿಗೆ ತಲುಪಿಸಿ.

ಸಿಡಿಲಿಗೆ ಡಿಸ್ಕಿನ ಹಸಿರು ಬೋರ್ಡು ಸುಟ್ಟಿದ್ದರೆ ಬೇರೆ ಡಿಸ್ಕಿನ ಬೋರ್ಡು ತಂದು ಹಾಕಿದ ಮಾತ್ರಕ್ಕೆ ನಡೆಯಲ್ಲ. ಆಯಾ ಡಿಸ್ಕಿನ ವಿವರ ಬೋರ್ಡಿನ ಒಂದು ಚಿಪ್ಪಿನಲ್ಲಿ ಇರುತ್ತೆ, ಅದನ್ನೂ ಬದಲಿಸಬೇಕು. ಇದು ಗೊತ್ತಿದ್ದವರ ಕೆಲಸ.

ಡಿಲೀಟ್ ಆಗಿದ್ದರೆ?

ಹಾರ್ಡ್ ಡಿಸ್ಕಿನಲ್ಲಿ ಡಿಲೀಟ್ ಮಾಡಿದ ಫೈಲು ಅದರ ಜಾಗಕ್ಕೆ ಬೇರೆಯದು ಬಂದು ಕೂರೋ ತನಕ ಇರುತ್ತೆ. ರೆಕುವಾ, ಫೋಟೋರೆಕ್ ಅನ್ನೋ ಸಾಫ್ಟ್‌ವೇರ್ ಪುಕ್ಕಟೆ ಸಿಗುತ್ತೆ. ಆದರೆ ಅದನ್ನು ಅದೇ ಡಿಸ್ಕಿಗೆ ಹಾಕಬಾರದು, ಸಿಕ್ಕಿದ ಫೈಲನ್ನೂ ಅಲ್ಲೇ ಉಳಿಸಬಾರದು. ಎಸ್‌ಎಸ್‌ಡಿಯಲ್ಲಿ ಡಿಲೀಟ್ ಆದದ್ದು ಸಾಮಾನ್ಯವಾಗಿ ಬೇಗ ಅಳಿಸಿ ಹೋಗುತ್ತೆ, ಅಲ್ಲಿ ಆಸೆ ಕಡಿಮೆ.

ರಿಪೇರಿಗೆ ಕೊಡುವಾಗ

ಲ್ಯಾಬ್ ಖರ್ಚು ಸಾವಿರಗಳಲ್ಲಿ ಬರುತ್ತೆ. ಫೈಲು ಸಿಗದಿದ್ದರೆ ದುಡ್ಡು ಎಷ್ಟು ಅಂತ ಮೊದಲೇ ಬರೆಸ್ಕೊಳ್ಳಿ. ಡಿಸ್ಕಿನ ಸೀರಿಯಲ್ ನಂಬರಿನ ಫೋಟೋ ತೆಗೆದಿಡಿ, ಕೆಲಸ ಆದ ಮೇಲೆ ಅದೇ ಡಿಸ್ಕ್ ವಾಪಸ್ ಕೇಳಿ. ಕೆಟ್ಟ ಲ್ಯಾಪ್‌ಟಾಪನ್ನು ಗುಜರಿಗೆ ಹಾಕೋರು ಡಿಸ್ಕ್ ತೆಗೆದೇ ಹಾಕಿ. ನಿಮ್ಮ ಆಧಾರ್, ಬ್ಯಾಂಕ್ ಪಾಸ್‌ಬುಕ್ ಪ್ರತಿ ಅದರಲ್ಲೇ ಇರುತ್ತೆ.

ಇಷ್ಟೆಲ್ಲ ಒದ್ದಾಟ ಬೇಡ ಅಂದರೆ ದಿನಾ ಬಾಗಿಲು ಹಾಕೋ ಮುಂಚೆ ಲೆಕ್ಕದ ಫೋಲ್ಡರನ್ನು ಎಕ್ಸ್‌ಟರ್ನಲ್ ಡಿಸ್ಕಿಗೆ ಕಾಪಿ ಮಾಡಿ, ಡಿಸ್ಕನ್ನು ಮನೆಗೆ ತಗೊಂಡು ಹೋಗಿ. ಅಂಗಡಿಯಲ್ಲೇ ಲ್ಯಾಪ್‌ಟಾಪಿಗೆ ಚುಚ್ಚಿಟ್ಟು ಬಂದರೆ ಒಂದೇ ಸಿಡಿಲಿಗೆ ಎರಡೂ ಹೋಗುತ್ತೆ.