ಒಂದೇ ಕಂಪ್ಯೂಟರಿನಲ್ಲಿ ಕೈಕೊಡುವ ಮ್ಯಾಕ್ರೊ

ಕಚೇರಿಯ ಉಳಿದೆಲ್ಲ ಕಂಪ್ಯೂಟರುಗಳಲ್ಲಿ ಸರಿಯಾಗಿ ನಡೆಯುವ ಎಕ್ಸೆಲ್ ಮ್ಯಾಕ್ರೊ ಒಂದರಲ್ಲಿ ಮಾತ್ರ ಹಟ ಹಿಡಿದರೆ, ಮೊದಲು ಆ ಕಂಪ್ಯೂಟರನ್ನೇ ಶಂಕಿಸಬೇಕು.

ಅಂತರ್ಜಾಲದಿಂದ ಬಂದ ಕಡತಗಳ ಮ್ಯಾಕ್ರೊಗಳನ್ನು ಮೈಕ್ರೋಸಾಫ್ಟ್ 2022ರಿಂದ ತಾನಾಗಿಯೇ ತಡೆಯುತ್ತಿದೆ. ಕಳುಹಿಸಿದವರು ನಂಬಿಕಸ್ಥರಾಗಿದ್ದರೆ ಮಾತ್ರ ಕಡತದ ಪ್ರಾಪರ್ಟೀಸ್‌ನಲ್ಲಿ 'ಅನ್‌ಬ್ಲಾಕ್' ಆಯ್ಕೆ ಮಾಡಬಹುದು. 'ಲೆಫ್ಟ್'ನಂಥ ಸರಳ ಆದೇಶವೇ ಎಡವಿದರೆ ವಿಷುಯಲ್ ಬೇಸಿಕ್ ಎಡಿಟರ್‌ನ ಟೂಲ್ಸ್ ಪಟ್ಟಿಯಲ್ಲಿ 'ರೆಫರೆನ್ಸಸ್' ತೆರೆದು, 'ಮಿಸ್ಸಿಂಗ್' ಎಂದಿರುವ ಸಾಲನ್ನು ಹುಡುಕಬೇಕು.

ಇವಾದರೂ ಪರದೆಯ ಮೇಲೆ ಎಚ್ಚರಿಕೆ ನೀಡುತ್ತವೆ. ದಿನಾಂಕದ ದೋಷ ಅದನ್ನೂ ನೀಡದು. ವಿಂಡೋಸ್‌ನ ದಿನಾಂಕ ಕ್ರಮ ಅಮೆರಿಕದ್ದಾಗಿದ್ದರೆ, ಪಠ್ಯವನ್ನು ದಿನಾಂಕವಾಗಿಸುವ 'ಸಿಡೇಟ್' ಆದೇಶವು 03/04/2024 ಅನ್ನು ಏಪ್ರಿಲ್ 3ರ ಬದಲು ಮಾರ್ಚ್ 4 ಎಂದು ಓದುತ್ತದೆ. ಹೊಸ ಹಣಕಾಸು ವರ್ಷದ ರಸೀದಿ ಹಳೆಯ ವರ್ಷದ ಲೆಕ್ಕಕ್ಕೆ ಸೇರಿಬಿಡುತ್ತದೆ! ಇಪ್ಪತ್ತೈದನೆಯ ತಿಂಗಳೆಂಬುದು ಇಲ್ಲವಾದ್ದರಿಂದ 25/04/2024 ಮಾತ್ರ ಸರಿಯಾಗಿಯೇ ಉಳಿಯುತ್ತದೆ. ಪಟ್ಟಿಯ ಬಹುಭಾಗ ಹೀಗೆ ಸರಿಯಿರುವ ಕಾರಣ ತಪ್ಪು ಸುಲಭವಾಗಿ ಕಣ್ಣಿಗೆ ಬೀಳುವುದಿಲ್ಲ.

ಕಂಟ್ರೋಲ್ ಪ್ಯಾನೆಲ್‌ನ 'ರೀಜನ್' ವಿಭಾಗದಲ್ಲಿ ಭಾರತದ ಕ್ರಮವನ್ನು ಆರಿಸಿದರೆ ಮುಂದಿನ ನಮೂದುಗಳು ಸರಿಹೋಗುತ್ತವೆ. ಈಗಾಗಲೇ ಅದಲುಬದಲಾದವನ್ನು ಮೂಲ ದಾಖಲೆಯೊಡನೆ ತಾಳೆ ನೋಡಿ ತಿದ್ದಲೇಬೇಕು. ಮ್ಯಾಕ್ರೊ ಬರೆಯುವವರು ವರ್ಷ, ತಿಂಗಳು, ದಿನಗಳನ್ನು ಪ್ರತ್ಯೇಕವಾಗಿ ಪಡೆಯುವ 'ಡೇಟ್‌ಸೀರಿಯಲ್' ಬಳಸಿದರೆ ಯಾವ ಕಂಪ್ಯೂಟರಿನಲ್ಲೂ ಈ ಗೊಂದಲ ತಲೆದೋರದು.