ಮಲ್ಹಾರಕ್ಕೆ ಅವಸರವಿಲ್ಲ

ಮಲೆನಾಡಿನ ಸೆರಗು ಬಯಲುಸೀಮೆಯನ್ನು ತಾಗುವ ಧಾರವಾಡದಲ್ಲಿ ಮಳೆಯು ಆಗುಂಬೆಯಲ್ಲಿಯಂತೆ ಭೋರ್ಗರೆದು ಸುರಿಯುವುದು ಅಪರೂಪ. ಆರಿದ್ರೆ ಕಳೆದು ಪುನರ್ವಸು ಪುಷ್ಯಗಳು ಕಾಲಿಡುವ ವೇಳೆಗೆ ಜಿಟಿಜಿಟಿಯೆಂದು ಹಿಡಿದು, ಸೂರ್ಯದರ್ಶನವನ್ನು ದಿನಗಟ್ಟಲೆ ತಪ್ಪಿಸಿ, ಹಂಚಿನ ಮನೆಗಳ ಸೂರಿನಿಂದ ಒಂದೇ ಲಯದಲ್ಲಿ ತೊಟ್ಟಿಕ್ಕುತ್ತಿರುವುದೇ ಅದರ ಸ್ವಭಾವ. ಬೇಂದ್ರೆಯವರು ಶ್ರಾವಣವನ್ನು ಕುರಿತು ಮತ್ತೆ ಮತ್ತೆ ಹಾಡಿದುದು ಈ ಊರಿನ ಕವಿಗೆ ಸಹಜವೇ ಆಗಿದ್ದಿತು. ಹಿಂದುಸ್ತಾನಿ ಸಂಗೀತದ ಮಲ್ಹಾರ ರಾಗಗಳು ಈ ಸೀಮೆಯ ಕಂಠಗಳಿಗೆ ಅಷ್ಟೊಂದು ಒಗ್ಗಿದುದಕ್ಕೂ ಇಲ್ಲಿಯ ಮಳೆಯ ನಿಧಾನವೇ ಕಾರಣವೆಂದು ನನಗೆ ತೋರುತ್ತದೆ. ಶಾಸ್ತ್ರಜ್ಞರು ಒಪ್ಪದಿದ್ದರೆ ಅದು ಅವರಿಗೆ ಸೇರಿದ್ದು.

ಮಳೆಗಾಗಿ ಹಾಡುವುದು ಬೇರೆ, ಮಳೆಯಲ್ಲಿ ಹಾಡುವುದು ಬೇರೆ. ಮುಂಗಾರು ಕೈಕೊಟ್ಟಾಗ ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಹುಡುಗರು ರೊಟ್ಟಿಯ ಹಂಚಿನ ಮೇಲೆ ಸೆಗಣಿಯ ಗುರ್ಜಿಯನ್ನು ಮಾಡಿ, ಗರಿಕೆ ಸಿಕ್ಕಿಸಿ, ತಲೆಯ ಮೇಲೆ ಹೊತ್ತು ಮನೆಮನೆಯ ಮುಂದೆ ಹಾಡುತ್ತ ಬರುವರು. ಮನೆಯೊಡತಿ ಅದರ ಮೇಲೆ ಕೊಡದಿಂದ ನೀರು ಸುರಿಯುವಳು, ಹೊತ್ತ ಹುಡುಗನು ತೊಯ್ಯುತ್ತ ಗಿರಗಿರನೆ ತಿರುಗುವನು. ಬರಗಾಲದ ಎಟ್ಟಯಪುರದಲ್ಲಿ ಮುತ್ತುಸ್ವಾಮಿ ದೀಕ್ಷಿತರು ಅಮೃತವರ್ಷಿಣಿ ರಾಗದಲ್ಲಿ ದೇವಿಯನ್ನು ಸ್ತುತಿಸಿ ಮಳೆ ತರಿಸಿದರೆಂಬ ಐತಿಹ್ಯವೂ ಅದೇ ಬೇಡಿಕೆಯ ಶಾಸ್ತ್ರೀಯ ರೂಪವಲ್ಲದೆ ಮತ್ತೇನು? ತಾನಸೇನನ ಹೆಸರಿನೊಡನೆ ಬಂದ ಮಿಯಾಂ ಮಲ್ಹಾರಕ್ಕೂ ಇಂಥ ಕಥೆಗಳು ಅಂಟಿಕೊಂಡಿವೆಯಾದರೂ, ಆ ರಾಗವನ್ನು ಕಿವಿಗೊಟ್ಟು ಕೇಳಿದವರಿಗೆ ಅದರಲ್ಲಿ ಯಾಚನೆಯ ದನಿ ಕೇಳಿಸದು.

ಅದರ ಗಾಂಧಾರವು ಕೋಮಲವಾದುದು. ನೆಟ್ಟಗೆ ನಿಲ್ಲದೆ, ಮಧ್ಯಮವನ್ನು ಸೋಂಕಿ ಸೋಂಕಿ ಆಂದೋಲಿಸುತ್ತ, ಬಹು ಹೊತ್ತಿನ ಮೇಲೆ ರಿಷಭಕ್ಕೆ ಇಳಿಯುವಂಥದು. ನಿಷಾದಗಳೋ ಎರಡು. ಕೋಮಲ ನಿಷಾದದಿಂದ ಹೊರಟು, ಧೈವತವನ್ನು ಸವರಿ, ಶುದ್ಧ ನಿಷಾದದ ಮೂಲಕ ಷಡ್ಜವನ್ನು ಸೇರುವ ಚಲನೆಯು ಮಂದ್ರ ಸಪ್ತಕದಲ್ಲಿ, ವಿಲಂಬಿತ ಏಕತಾಲದ ಹನ್ನೆರಡು ಮಾತ್ರೆಗಳ ವಿಸ್ತಾರದೊಳಗೆ ಮೆಲ್ಲಮೆಲ್ಲನೆ ತೆರೆದುಕೊಳ್ಳುವಾಗ, ದೂರದ ಗುಡ್ಡದಾಚೆ ಮೋಡವು ತನ್ನಷ್ಟಕ್ಕೆ ತಾನು ಗುನುಗುತ್ತಿರುವಂತೆ ಭಾಸವಾಗುತ್ತದೆ. ಗಾಯಕನು ಇಲ್ಲಿ ಅವಸರಪಟ್ಟನೋ, ಎರಡು ನಿಷಾದಗಳ ನಡುವಣ ಆ ಸೂಕ್ಷ್ಮಾಂತರವು ಕೆಟ್ಟು ರಾಗವೇ ಬಡವಾಗುವುದು.

ಗಂಗೂಬಾಯಿ ಹಾನಗಲ್ಲರ ಗಂಭೀರ ಕಂಠವು ಈ ಮಂದ್ರಸಂಚಾರಕ್ಕೆಂದೇ ಹುಟ್ಟಿದುದು. ಗದುಗಿನ ಭೀಮಸೇನ ಜೋಶಿಯವರ ಮಿಯಾಂ ಮಲ್ಹಾರವಾದರೋ ಸರ್ವವಿದಿತ. ಮಲ್ಲಿಕಾರ್ಜುನ ಮನ್ಸೂರರ ಗೌಡ ಮಲ್ಹಾರದ ಚುರುಕು ಬೇರೆಯೇ ಬಗೆಯದು. ಬೆಳಗಾವಿ ಜಿಲ್ಲೆಯ ಸುಳೇಭಾವಿಯಲ್ಲಿ 1924ರಲ್ಲಿ ಜನಿಸಿ, ಕ್ಷಯರೋಗದ ನಿಮಿತ್ತ ಮಾಳವದ ದೇವಾಸದಲ್ಲಿ ನೆಲೆಸಿದ ಕುಮಾರ ಗಂಧರ್ವರು ಅಲ್ಲಿಯ ಜಾನಪದ ಧಾಟಿಗಳಿಗೆ ಕಿವಿತೆರೆದು, ಮಳೆಯ ಹಾಡುಗಳಿಗಾಗಿಯೇ ‘ಗೀತವರ್ಷಾ’ ಎಂಬ ಕಾರ್ಯಕ್ರಮವನ್ನು ಕಟ್ಟಿದರು. ಗುರ್ಜಿಯ ಮಕ್ಕಳಿಗೂ ಘರಾಣೆಯ ಉಸ್ತಾದರಿಗೂ ನಡುವೆ ಗೋಡೆಯಿಲ್ಲವೆಂಬುದನ್ನು ಅವರಷ್ಟು ಬಲ್ಲವರು ವಿರಳ.

ಈಚೆಗೆ ಮಲ್ಹಾರವೆಂದರೆ ಬಿರುಗಾಳಿ ಎಬ್ಬಿಸುವ ತಾನುಗಳೆಂದು ತಿಳಿದು ವಿಲಂಬಿತವನ್ನು ಬೇಗನೆ ಮುಗಿಸಿಬಿಡುವವರುಂಟು; ನನ್ನ ಮಟ್ಟಿಗೆ ಅದು ಮಲ್ಹಾರವಲ್ಲ. ಮಳೆಗಾಲದಲ್ಲಿ ಯಾವ ಹೊತ್ತಿಗಾದರೂ ಹಾಡಬಹುದಾದ, ಉಳಿದ ಋತುಗಳಲ್ಲಿ ಮಧ್ಯರಾತ್ರಿಗೆ ಸಲ್ಲುವ ರಾಗವೆಂಬ ಸಂಪ್ರದಾಯ ಮಿಯಾಂ ಮಲ್ಹಾರಕ್ಕಿದೆ. ಧ್ವನಿಮುದ್ರಿಕೆಗಳು ಕೈಗೆಟುಕುವಂತಿರುವಾಗ ಓದುಗರು ಈ ಆಷಾಢ ಶ್ರಾವಣಗಳಲ್ಲಿಯೇ, ದ್ರುತಕ್ಕೆ ಹಾರದೆ, ಆಲಾಪದಿಂದ ಮೊದಲ್ಗೊಂಡು ಅದನ್ನು ಪೂರ್ತಿಯಾಗಿ ಕೇಳಲಿ.