ಹಳೆಯ ಪ್ರಿಂಟರ್ ಡ್ರೈವರ್‌ಗಳಿಗೆ ಹಂತ ಹಂತವಾಗಿ ವಿದಾಯ

ರಂಗಂಪೇಟೆ: ಪಹಣಿಯಿರಲಿ, ಜಾತಿ-ಆದಾಯ ಪ್ರಮಾಣಪತ್ರವಿರಲಿ, ಪರೀಕ್ಷೆಯ ಪ್ರವೇಶಪತ್ರವಿರಲಿ, ಸುರಪುರಕ್ಕೆ ಹೊಂದಿಕೊಂಡಿರುವ ರಂಗಂಪೇಟೆಯಂತಹ ಊರುಗಳಲ್ಲಿ ಅದು ಕೈಸೇರುವುದು ಹೆಚ್ಚಾಗಿ ಝೆರಾಕ್ಸ್ ಅಂಗಡಿಯ ಪ್ರಿಂಟರ್‌ನಿಂದ. ವರ್ಷಾನುಗಟ್ಟಲೆ ದುಡಿಯುವ ಈ ಯಂತ್ರಗಳ ಕುರಿತು ಮೈಕ್ರೋಸಾಫ್ಟ್ ಕಂಪನಿ 2023ರ ಸೆಪ್ಟೆಂಬರ್‌ನಲ್ಲಿ ಪ್ರಕಟಿಸಿದ ನಿರ್ಧಾರವನ್ನು ಅಂಗಡಿಕಾರರು ಅರಿತಿರುವುದು ಒಳಿತು.

ಕಂಪ್ಯೂಟರಿನ ಆಜ್ಞೆಯನ್ನು ಯಂತ್ರಕ್ಕೆ ತಿಳಿಯುವಂತೆ ಹೇಳುವ ದುಭಾಷಿ ತಂತ್ರಾಂಶವೇ ಡ್ರೈವರ್. ಪ್ರತಿ ತಯಾರಕನೂ ತನ್ನದೇ ಡ್ರೈವರ್ ರೂಪಿಸುವುದು ಹಳೆಯ ರೂಢಿ. ವಿಂಡೋಸ್‌ನಲ್ಲಿ ಮುದ್ರಣ ಕಾರ್ಯವನ್ನು ನಿರ್ವಹಿಸುವ ಸ್ಪೂಲರ್ ಎಂಬ ಸೇವೆಗೆ ಅತ್ಯುನ್ನತ ಅಧಿಕಾರವಿರುತ್ತದೆ. ಅಲ್ಲಿ ಲೋಪವಿದ್ದರೆ ಇಡೀ ಕಂಪ್ಯೂಟರೇ ಪರರ ವಶವಾಗಬಹುದು. 2021ರಲ್ಲಿ ಬೆಳಕಿಗೆ ಬಂದ ‘ಪ್ರಿಂಟ್‌ನೈಟ್‌ಮೇರ್’ ದೋಷ ಇದನ್ನು ಸಾಬೀತುಪಡಿಸಿತು. ಅದೇ ವರ್ಷದ ಆಗಸ್ಟ್‌ನಿಂದ ಪ್ರಿಂಟರ್ ಡ್ರೈವರ್ ಅಳವಡಿಸಲು ಅಡ್ಮಿನಿಸ್ಟ್ರೇಟರ್ ಅಧಿಕಾರ ಕಡ್ಡಾಯವಾಯಿತು.

ಹಳೆಯ ರೂಢಿಗೆ ಪರ್ಯಾಯವೇ ವಿಂಡೋಸ್‌ನೊಳಗೇ ಇರುವ ‘ಐಪಿಪಿ’ ಡ್ರೈವರ್. ಇದು ಯಾವುದೇ ಒಂದು ಕಂಪನಿಗೆ ಸೀಮಿತವಲ್ಲ; ಮೋಪ್ರಿಯಾ ಮಾನ್ಯತೆಯುಳ್ಳ ಪ್ರಿಂಟರ್‌ಗಳೆಲ್ಲ ಇದರಿಂದಲೇ ನಡೆಯುತ್ತವೆ.

ಬದಲಾವಣೆಗೆ ಮೂರು ಹಂತಗಳನ್ನು ಗೊತ್ತುಪಡಿಸಲಾಗಿದೆ. 2026ರ ಜನವರಿ 15ರಿಂದ ವಿಂಡೋಸ್ ಅಪ್‌ಡೇಟ್ ಮೂಲಕ ತಯಾರಕರ ಹೊಸ ಡ್ರೈವರ್‌ಗಳ ವಿತರಣೆ ಇಲ್ಲ. 2026ರ ಜುಲೈ 1ರಿಂದ ಡ್ರೈವರ್ ಆಯ್ಕೆಯಲ್ಲಿ ಐಪಿಪಿಗೇ ಮೊದಲ ಆದ್ಯತೆ. 2027ರ ಜುಲೈ 1ರಿಂದ ಈ ಮಾರ್ಗದಲ್ಲಿ ತಯಾರಕರ ಡ್ರೈವರ್‌ಗಳಿಗೆ ಭದ್ರತಾ ತಿದ್ದುಪಡಿಗಳಿಗೆ ಮಾತ್ರ ಅವಕಾಶ.

ಹಾಗೆಂದು ಈಗ ನಡೆಯುತ್ತಿರುವ ಪ್ರಿಂಟರ್ ಒಮ್ಮೆಲೇ ನಿಲ್ಲುವುದಿಲ್ಲ. ತಯಾರಕರು ಕೊಡುವ ಡ್ರೈವರನ್ನು ಪ್ರತ್ಯೇಕವಾಗಿ ಅಳವಡಿಸಿಕೊಳ್ಳುವುದಕ್ಕೂ ಅಡ್ಡಿಯಿಲ್ಲ. ತೊಡಕು ಎದುರಾಗುವುದು ಕಂಪ್ಯೂಟರ್ ಫಾರ್ಮ್ಯಾಟ್ ಮಾಡಿದಾಗ ಅಥವಾ ಹೊಸದನ್ನು ಕೊಂಡಾಗ. ಪುಟವನ್ನು ಸಿದ್ಧಪಡಿಸುವ ಕೆಲಸವನ್ನು ಕಂಪ್ಯೂಟರಿಗೇ ಬಿಡುವ ಅಗ್ಗದ ಹಳೆಯ ಲೇಸರ್ ಪ್ರಿಂಟರ್‌ಗಳಿಗೆ ಐಪಿಪಿ ಭಾಷೆ ತಿಳಿಯದು. ಅವುಗಳಿಗೆ ಸ್ವಂತ ಡ್ರೈವರ್ ಬೇಕೇ ಬೇಕು.

ಆದ್ದರಿಂದ ತಯಾರಕರ ಜಾಲತಾಣದಲ್ಲಿ ಲಭ್ಯವಿರುವಾಗಲೇ ಡ್ರೈವರ್ ಕಡತವನ್ನು ಇಳಿಸಿಕೊಂಡು ಪೆನ್‌ಡ್ರೈವ್‌ನಲ್ಲಿ ಕಾಪಾಡಿಕೊಳ್ಳುವುದು ಸೂಕ್ತ. ಅಪರಿಚಿತ ತಾಣಗಳಿಂದ ಪಡೆಯುವುದು ಅಪಾಯಕರ. ಹೊಸ ಪ್ರಿಂಟರ್ ಕೊಳ್ಳುವವರು ಮೋಪ್ರಿಯಾ ಮಾನ್ಯತೆ ಇದೆಯೇ ಎಂದು ವಿಚಾರಿಸಬೇಕು. ಕಾಲಾವಕಾಶ ಕೊಟ್ಟು ಹಳೆಯದನ್ನು ಹಿಂತೆಗೆದುಕೊಳ್ಳುವ ಈ ಕ್ರಮದ ಪ್ರಯೋಜನ ದೊರೆಯುವುದು ಆ ಅವಧಿಯಲ್ಲಿ ಸಿದ್ಧತೆ ಮಾಡಿಕೊಂಡವರಿಗೆ ಮಾತ್ರ.